ಚೆಂಡಿನ ಕೆಳಗಿನ ಸಿಂಬಿ

ನಮ್ಮ ಮನೆಯವರು ಬಸ್ ಡ್ರೈವರ್. ರೋಣದಿಂದ ಗಜೇಂದ್ರಗಡದ ದಾರಿಯಲ್ಲಿ ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದವರು. ನಾನು ರೋಣದಲ್ಲೇ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳನ್ನು ಗದರಿಸಿ ಗದರಿಸಿ ನನಗೆ ಮನೆಯಲ್ಲೂ ಅದೇ ದನಿ ಬಂದುಬಿಟ್ಟಿದೆ ಎಂದು ಇವರು ಹೇಳುತ್ತಾರೆ. ಇರಬಹುದು. ಇವರಂತೂ ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುವ ಮನುಷ್ಯ, ಉಳಿದರ್ಧವನ್ನು ನಾನೇ ಊಹಿಸಿಕೊಳ್ಳಬೇಕು.

ಎರಡು ವರ್ಷದ ಹಿಂದೆ ಇವರು ಮುಶಿಗೇರಿಗೆ ವಸ್ತಿ ಗಾಡಿ ತೆಗೆದುಕೊಂಡು ಹೋಗಿದ್ದರು. ರಾತ್ರಿ ಹಳ್ಳಿಯಲ್ಲೇ ಉಳಿದು ನಸುಕಿನಲ್ಲಿ ಹೊರಡುವ ಬಸ್ಸಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಬೆಳಿಗ್ಗೆ ಸೀಟಿಗೆ ಏರಿ ಕೂತವರಿಗೆ ಮತ್ತೆ ಅಲ್ಲಾಡಲು ಆಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು, ಎಡಗಾಲು ತಮ್ಮದಲ್ಲ ಎನ್ನುವಂತಾಗಿತ್ತು. ಊರಿನ ನಾಲ್ಕು ಜನ ಎತ್ತಿ ಇಳಿಸಿ ಟಂಟಂ ಗಾಡಿಯಲ್ಲಿ ಮಲಗಿಸಿ ಕಳಿಸಿದರು. ಬೆನ್ನುಮೂಳೆಯ ನಡುವಿನ ಗಾದಿ ಜರುಗಿದೆ ಎಂದು ಡಾಕ್ಟರ್ ಹೇಳಿದರು. ಆಪರೇಷನ್ ಬೇಡ ಎಂದದ್ದೊಂದೇ ಸಮಾಧಾನ.

ಎರಡು ತಿಂಗಳು ಮಲಗಿದರು. ಆಮೇಲೆ ಡಿಪೋದಿಂದ ಕಾಗದ ಬಂತು. ಆರು ವಾರ ಬಿಟ್ಟು ಪರೀಕ್ಷೆ. ಒಂದು ಟ್ರಿಪ್ ಪೂರ್ತಿ ಕೂತು ಗಾಡಿ ಓಡಿಸಲಾಗದಿದ್ದರೆ ಡಿಪೋದೊಳಗೆ ಕುರ್ಚಿ ಕೆಲಸ. ಬಂದವರೆಲ್ಲ ಒಳ್ಳೆಯದೇ ಆಯಿತೆಂದರು. ತಲೆಯ ಮೇಲೆ ಫ್ಯಾನು, ಮುಂದೆ ಟೇಬಲ್ಲು, ಇನ್ನೇನು ಬೇಕು? ನಾನೂ ಹಾಗೇ ಅಂದೆ. ಇವರು ಆ ದಿನ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಕೈ ತೊಳೆದರು.

"ಗಾಡಿ ಬಿಟ್ರ ನಾ ಯಾವ ಕೆಲಸದಾಂವ?" ಎಂದು ಗೋಡೆಯ ಕಡೆ ಮುಖ ಮಾಡಿ ಕೇಳಿದರು. ಆಮೇಲೆ ನಾನು ಫ್ಯಾನು ಟೇಬಲ್ಲಿನ ಮಾತೆತ್ತಲಿಲ್ಲ.

ಗಜೇಂದ್ರಗಡದಲ್ಲಿ ಫಿಜಿಯೋಥೆರಪಿ ಮಾಡುವ ಒಬ್ಬ ಮೇಡಂ ಇದ್ದಾರೆಂದು ತಿಳಿದು ಹೋದೆವು. ನಮ್ಮ ಮಗಳ ವಯಸ್ಸಿನ ಹುಡುಗಿ, ಆದರೆ ಕೈ ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ಕೋಣೆಯ ಮೂಲೆಯಿಂದ ಒಂದು ದೊಡ್ಡ ನೀಲಿ ರಬ್ಬರ್ ಚೆಂಡು ಉರುಳಿಸಿಕೊಂಡು ಬಂದು, ಇಂಥದೊಂದು ತರಿಸಿಕೊಳ್ಳಿ, ದಿನಕ್ಕೆ ನಾಲ್ಕು ಸಲ ಇದರ ಮೇಲೆ ಕೂಡ್ರಬೇಕು ಎಂದರು. ಎರಡೂ ಪಾದ ನೆಲಕ್ಕೆ ಊರಿ, ಬೆನ್ನು ನೆಟ್ಟಗಿಟ್ಟು, ಮೊದಲು ಸುಮ್ಮನೆ ಕೂಡ್ರುವುದು. ಆಮೇಲೆ ಒಂದು ಪಾದ ಎತ್ತುವುದು, ಇಳಿಸುವುದು, ಇನ್ನೊಂದು ಎತ್ತುವುದು. ಇವರು ಚೆಂಡನ್ನೂ ನನ್ನನ್ನೂ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

ಚೆಂಡು ಮಡಚಿದ ರಬ್ಬರಾಗಿ ಡಬ್ಬಿಯಲ್ಲಿ ಬಂತು. ಹವಾ ಹಾಕಿದವಳು ನಾನು, ಮಂಚದ ಮೇಲಿಂದ ಹುಕುಂ ಕೊಟ್ಟವರು ಇವರು. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟು, "ಇನ್ನ ನಾಕ ಸಲ ಒತ್ತು" ಎಂದರು. ಟೈರು ಬಡಿದು ಹವಾ ಹೇಳುವ ಮನುಷ್ಯ. ಆಮೇಲೆ ನಾನು ಟೇಪು ಹಿಡಿದು ನೋಡಿದರೆ ಡಬ್ಬಿಯ ಮೇಲೆ ಬರೆದಷ್ಟೇ ಎತ್ತರ ಬಂದಿತ್ತು, ನನಗೇ ಹೆಮ್ಮೆಯಾಯಿತು.

ನಮ್ಮ ಪಡಸಾಲೆಗೆ ಹಾಸಿರುವುದು ಪರಸಿ ಕಲ್ಲು. ಮೂವತ್ತು ವರ್ಷ ಒರೆಸಿ ಒರೆಸಿ ನುಣ್ಣಗಾಗಿದೆ. ಮೊದಲ ದಿನ ಇವರು ಕೂತರೋ ಇಲ್ಲವೋ ಚೆಂಡು ಹಿಂದಕ್ಕೆ ಸರಿಯಿತು. ನಾನು ಬನಿಯನ್ ಹಿಡಿದು ಎಳೆದೆ. ಬನಿಯನ್ ಹರಿಯಿತು, ಇವರು ಉಳಿದರು. ಆ ದಿನ ಮತ್ತೆ ಚೆಂಡಿನ ಹತ್ತಿರ ಹೋಗಲು ನಾನು ಬಿಡಲಿಲ್ಲ.

ದುಂಡು ತಳದ್ದು ಏನೇ ಇದ್ದರೂ ನಮ್ಮ ಮನೆಗಳಲ್ಲಿ ಅದಕ್ಕೊಂದು ಸಿಂಬಿ ಬೇಕು. ಕೊಡಕ್ಕೆ ಸಿಂಬಿ, ಗಡಿಗೆಗೆ ಸಿಂಬಿ. ಬಟ್ಟೆ ಹೊಸೆದು ಬಳೆಯಾಕಾರ ಸುತ್ತಿದರೆ ಮುಗಿಯಿತು, ಮೇಲಿಟ್ಟದ್ದು ಮಿಸುಕಾಡುವುದಿಲ್ಲ. ನಾನು ಮೂರು ಹಳೆಯ ಇಳಕಲ್ ಸೀರೆ ಹೊಸೆದು ಸ್ಕೂಟರ್ ಟೈರಿನಷ್ಟು ದಪ್ಪದ ಸಿಂಬಿ ಮಾಡಿ ಚೆಂಡನ್ನು ಅದರೊಳಗೆ ಕೂಡ್ರಿಸಿದೆ. ಇವರು ಕೂತರು. ಚೆಂಡು ಅಲ್ಲಾಡಲಿಲ್ಲ. ಅದರ ಮೇಲೆ ಕೂತು ಚಹಾ ಕುಡಿದರು, ಪೇಪರ್ ಓದಿದರು, ಕಾಲು ಎತ್ತಿ ಇಳಿಸಿದರು. ನೋಡಲು ಬಂದ ಪಕ್ಕದ ಮನೆಯಾಕೆ, "ಟೀಚರ್ರ, ನಿಮ್ಮ ತಲಿಗೆ ಹೊಳದದ್ದು ಡಾಕ್ಟರಿಗೂ ಹೊಳದಿಲ್ಲ ನೋಡ್ರಿ" ಎಂದಳು. ನಾನು ಉಬ್ಬಿಹೋದೆ.

ಮೂರು ವಾರ ಕಳೆದು ಮತ್ತೆ ಗಜೇಂದ್ರಗಡಕ್ಕೆ ಹೋದೆವು. ಮೇಡಂ ತಮ್ಮ ಚೆಂಡಿನ ಮೇಲೆ ಇವರನ್ನು ಕೂಡ್ರಿಸಿ ಎಡಗಾಲು ಎತ್ತಲು ಹೇಳಿದರು. ಪಾದ ನೆಲ ಬಿಟ್ಟಿದ್ದೇ ತಡ, ಇವರು ಪಕ್ಕಕ್ಕೆ ವಾಲಿಬಿಟ್ಟರು. ಹಿಡಿಯದಿದ್ದರೆ ಬೀಳುತ್ತಿದ್ದರು.

"ಅಣ್ಣಾರ, ದಿನಾ ಮಾಡೀರಿಲ್ಲೋ?"

"ಮಾಡೀನ್ರಿ" ಎಂದರು ಇವರು. ನನ್ನ ಗಂಡನನ್ನು ಸೋಮಾರಿ ಎಂದುಕೊಂಡಾರು ಎಂದು ನಾನೇ ಬಾಯಿ ಹಾಕಿದೆ. ಸಿಂಬಿಯ ಕಥೆಯನ್ನು ಸೀರೆಯ ಬಣ್ಣದ ಸಮೇತ ಹೇಳಿದೆ. ಆಕೆ ಮೊದಲು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿದರು.

"ಅಕ್ಕಾರ, ಚೆಂಡು ಅಲುಗಾಡೋದ ಔಷಧರಿ. ಅದು ಅಲುಗಿದಾಗ ಬೆನ್ನು ಎಚ್ಚರಾಗಿ ಹಿಡಕೋಬೇಕು. ನೀವು ಔಷಧ ಚೆಲ್ಲಿ ಬರೇ ಬಾಟ್ಲಿ ಕೊಟ್ಟೀರಿ."

ಆರು ವಾರದಲ್ಲಿ ಮೂರು ನನ್ನ ಕೈಯಾರೆ ಹಾಳಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಸಂಕಟವೆಲ್ಲ ಸಿಟ್ಟಾಗಿ ಇವರ ಮೇಲೇ ಹೋಯಿತು. ನೋವಿಗೆ ಕೂಡ್ರಲಾಗದೆ ಕಂಬ ಹಿಡಿದು ನಿಂತಿದ್ದರು.

"ನಿಮಗರ ಗೊತ್ತಾಗಲಿಲ್ಲೇನ್ರೀ? ಇಷ್ಟ ವರ್ಷ ಗಾಡಿ ಹೊಡದೀರಿ!"

"ಮೊದಲ ದಿನಾನ ಗೊತ್ತಾತು."

"ಮತ್ತ ಯಾಕ ಹೇಳಲಿಲ್ಲ?"

ಕಂಬ ಹಿಡಿದ ಕೈ ಬದಲಿಸಿದರು. "ನನಗೂ ಅಂಜಿಕಿ ಇತ್ತು" ಎಂದರು.

ಹೊಳೆಮಣ್ಣೂರಿಗೆ ಮಲಪ್ರಭೆ ಏರಿ ಬಂದ ವರ್ಷ ದಾರಿಯ ಮೇಲಿನ ನೀರಿನಲ್ಲೇ ಬಸ್ಸು ದಾಟಿಸಿ ಜನರನ್ನು ಕರೆತಂದವರು ಇವರು. ಅವತ್ತು ಮನೆಗೆ ಬಂದು ಕೇಳಿದ್ದು ಒಣಗಿದ ಪ್ಯಾಂಟು ಎಲ್ಲಿದೆ ಎಂದಷ್ಟೇ. ಅಂಥವರ ಬಾಯಲ್ಲಿ ಅಂಜಿಕೆ ಎಂಬ ಮಾತನ್ನು ನಾನು ಮೊದಲ ಸಲ ಕೇಳಿದೆ. ಬಸ್ಸಿನ ತುಂಬ ಜನ ಇರದಿದ್ದರೆ ಅಲ್ಲೇ ಕೈ ಹಿಡಿದುಕೊಳ್ಳುತ್ತಿದ್ದೆ.

ಮನೆಗೆ ಬಂದು ಸಿಂಬಿ ಬಿಚ್ಚಿದೆ. ಮೇಡಂ ಹೇಳಿದಂತೆ ಚೆಂಡನ್ನು ಗೋಡೆಯ ಹತ್ತಿರ ಇಟ್ಟು ಸುತ್ತ ಗಾದಿ ಹಾಸಿದೆ. ಹಿಡಿಯಬಾರದು ಎಂಬುದು ನನಗೆ ಕೊಟ್ಟ ಅಪ್ಪಣೆ. ನನ್ನಿಂದ ನೋಡಲಾಗದೆ ಅಡುಗೆಮನೆಗೆ ಹೋಗಿ ಶೇಂಗಾ ಚಟ್ನಿ ಕುಟ್ಟಿದೆ. ಗಾದಿಯ ಮೇಲೆ ದೊಪ್ಪೆಂದು ಸದ್ದಾದಾಗಲೆಲ್ಲ ಒನಕೆ ಕೈಯಲ್ಲೇ ನಿಲ್ಲುತ್ತಿತ್ತು. ಆ ವಾರ ನಾವು ತಿಂದ ಚಟ್ನಿ ಒಂದು ಓಣಿಗೆ ಸಾಲುತ್ತಿತ್ತು.

ನಾಲ್ಕನೆಯ ದಿನ ದೊಪ್ಪೆನ್ನುವ ಸದ್ದಿನ ಬದಲು ಇವರ ಗೊಣಗಾಟ ಕೇಳಿಸಿತು. ಬಾಗಿಲ ಸಂದಿಯಿಂದ ಇಣುಕಿದೆ. ಕಣ್ಣು ಮುಚ್ಚಿ ಚೆಂಡಿನ ಮೇಲೆ ಕೂತಿದ್ದರು. ಎರಡೂ ಕೈ ಮುಂದೆ, ಇಲ್ಲದ ಸ್ಟೇರಿಂಗಿನ ಮೇಲೆ. ಎಡಗಾಲು ಎತ್ತಿ ಕ್ಲಚ್ ಒತ್ತಿದರು, ಬಲಗಾಲು ಬ್ರೇಕಿಗೆ ಹೋಯಿತು. "ಕಾಲೇಜ್ ಮುಂದಿನ ಹಂಪ್" ಎಂದು ಮೈ ಸಡಿಲಿಸಿ ದಾಟಿದರು. ಮೇಡಂ ಹೇಳಿದ ಕಾಲೆತ್ತುವ ವ್ಯಾಯಾಮವನ್ನು ಈ ಮಹಾನುಭಾವರು ರೋಣದಿಂದ ಗಜೇಂದ್ರಗಡಕ್ಕೆ ಹೊರಡಿಸಿಬಿಟ್ಟಿದ್ದರು!

ಅಂದಿನಿಂದ ದಿನವೂ ಪಡಸಾಲೆಯಿಂದ ಬಸ್ಸು ಹೊರಟಿತು. ಒಂದೇ ಸಮ ಕೂಡ್ರಬಾರದು ಎಂದು ಮೇಡಂ ಹೇಳಿದ್ದರಿಂದ ಪ್ರತಿ ಸ್ಟಾಪಿಗೂ ಎದ್ದು ನಿಲ್ಲುತ್ತಿದ್ದರು. ಮೊದಲ ವಾರ ಅಬ್ಬಿಗೇರಿ ಮುಟ್ಟುವುದೇ ಕಷ್ಟ. ಬೆವರಿಗೆ ಅಂಗಿ ಮೈಗಂಟುತ್ತಿತ್ತು. ಎರಡನೆಯ ವಾರ ನರೇಗಲ್. ನಾನು ಶಾಲೆಯಿಂದ ಬಂದ ಕೂಡಲೇ ಕೇಳುತ್ತಿದ್ದೆ, "ಇವತ್ತ ಎಲ್ಲಿ ತನಕ ಹೋಗಿತ್ರೀ ಗಾಡಿ?" ಎಂದು. ಆ ದಾರಿಯಲ್ಲಿ ನಾನೂ ಅಷ್ಟೇ ವರ್ಷ ಓಡಾಡಿದವಳು, ಆದರೆ ಅಲ್ಲಿ ಅಷ್ಟು ತಗ್ಗುಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಕುಸಿದು ರಸ್ತೆ ಎಲ್ಲಿ ಎಡಕ್ಕೆ ವಾಲುತ್ತದೆ, ಯಾವ ಹೊಲದ ಕೊನೆಗೆ ದನ ಅಡ್ಡ ಬರುತ್ತವೆ, ಎಲ್ಲವೂ ಇವರ ಸೊಂಟಕ್ಕೆ ಪಾಠವಾಗಿತ್ತು. ಮಗ್ಗಿ ತಪ್ಪಿದ ಹುಡುಗರನ್ನು ದಡ್ಡರು ಎನ್ನುವ ನಾನು ಬಾಗಿಲಲ್ಲಿ ನಿಂತು ಆ ಪಾಠ ಕೇಳಿದೆ. ನನ್ನ ಗಂಡ ಇಷ್ಟು ತಿಳಿದವನೆಂದು ನನಗೆ ತಿಳಿಯಲು ಗಾಳಿ ತುಂಬಿದ ಒಂದು ರಬ್ಬರ್ ಚೆಂಡು ಬೇಕಾಯಿತು. ನನಗೆ ನಾಚಿಕೆಯೂ ಆಯಿತು, ಪ್ರೀತಿಯೂ ಉಕ್ಕಿತು.

ಪರೀಕ್ಷೆಗೆ ಎರಡು ದಿನ ಇರುವಾಗ ಗಾಡಿ ಗಜೇಂದ್ರಗಡ ಮುಟ್ಟಿತು. ಇವರು ಎದ್ದು, ಚೆಂಡಿನ ಮೇಲೆ ಒಂದು ಏಟು ಕೊಟ್ಟು, ಸ್ನಾನಕ್ಕೆ ಹೋದರು.

ದವಾಖಾನೆಯಲ್ಲಿ ಕಾಲು ಎತ್ತಿಸಿದರು, ಬಾಗಿಸಿದರು, ಎಬ್ಬಿಸಿ ಕೂಡ್ರಿಸಿದರು. ಡಿಪೋದವರು ಖಾಲಿ ಗಾಡಿಯಲ್ಲಿ ಒಂದು ಸುತ್ತು ಕಳಿಸಿದರು. ಪಾಸಾದರು. ಆದರೂ ಖಾಲಿ ಗಾಡಿಯ ಮಾತು ಬೇರೆ, ಜನ ತುಂಬಿದ ಗಾಡಿಯ ಮಾತು ಬೇರೆ ಎಂದು ನನ್ನ ಜೀವ ಒಪ್ಪಲಿಲ್ಲ. ಮೊದಲ ಡ್ಯೂಟಿಯ ದಿನ ಶಾಲೆಗೆ ರಜೆ ಹಾಕಿ, ಇವರಿಗೆ ಹೇಳದೆ, ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿನಲ್ಲಿ ಕೂತೆ. ತಗ್ಗಿನ ಏಟು ಹೆಚ್ಚು ಬೀಳುವುದು ಅಲ್ಲೇ. ತಲೆಗಳ ನಡುವೆ ಇವರ ಖಾಕಿ ಬೆನ್ನು ಅಷ್ಟಿಷ್ಟು ಕಾಣುತ್ತಿತ್ತು. ಅಬ್ಬಿಗೇರಿ ಬಂತು, ಹೋಯಿತು. ನರೇಗಲ್ ದಾಟಿತು. ಬೆನ್ನು ನೆಟ್ಟಗೇ ಇತ್ತು. ಪ್ರತಿ ತಗ್ಗಿಗೂ ಗಾಡಿ ಮೊದಲೇ ನಿಧಾನವಾಗಿ ಮೆಲ್ಲಗೆ ಇಳಿದು ಏರುತ್ತಿತ್ತು.

ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು. ತೊಡೆಯ ಮೇಲೆ ಮೊಮ್ಮಗು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು, ದಾರಿಯುದ್ದಕ್ಕೂ ಒಮ್ಮೆಯೂ ಎದ್ದಿರಲಿಲ್ಲ. ಮುದುಕಿ ಡ್ರೈವರ್ ಸೀಟಿನ ಕಡೆ ಕತ್ತು ಚಾಚಿ ನೋಡಿ, "ಈ ಡ್ರೈವರಪ್ಪ ಭಾಳ ದಿನಾತು ಬಂದಿರಲಿಲ್ಲ. ಕೂಸಿಗೆ ಎಚ್ಚರಾಗದ್ಹಂಗ ಇಂವ ಒಬ್ಬಾಂವ ಹೊಡಿತಾನ ನೋಡವಾ" ಎಂದಳು.

ಇಷ್ಟು ವರ್ಷ ಇವರ ಬಸ್ಸಿನಲ್ಲಿ ಕೂತು ಯಾರಿಗೂ ಹೇಳಿದವಳಲ್ಲ ನಾನು.

"ನಮ್ಮನಿಯವರು" ಎಂದೆ. ಅದೂ ಎಷ್ಟು ಜೋರಾಗಿ ಎಂದರೆ, ಕೂಸು ಎದ್ದು ಅಳತೊಡಗಿತು.