ಮೊದಲ ಹತ್ತು ನಿಮಿಷ

ನಮ್ಮ ಆಸ್ಪತ್ರೆಯಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುವವರಿಗೆ ಎಲ್ಲರೂ ಇಟ್ಟ ಹೆಸರು ಚಾಪೆ ಮೇಡಂ. ಕುರ್ಚಿ ಕೊಟ್ಟರೂ ಅವರು ಕೂರುವುದು ಚಾಪೆಯ ಮೇಲೇ. ಮೆಟ್ಟಿಲ ಕೆಳಗಿನ ಅವರ ಕೋಣೆಯಲ್ಲಿ ದಿನಾ ಚಾಪೆ ಹಾಸಿ, ಬೊಂಬೆ ತೊಳೆದಿಡುವ ಆಯಾ ನಾನು. ಹದಿನೆಂಟು ವರ್ಷವಾಯಿತು. ಅವರ ಬಗ್ಗೆ ಮಾತಾಡಲು ಟೈ ಕಟ್ಟಿಕೊಂಡು ಓಡಾಡುವವರಿಗಿಂತ ನನಗೇ ಹೆಚ್ಚು ಹಕ್ಕಿದೆ.

ಹೊಸ ಮಗು ಬಂದರೆ ಮೊದಲ ಹತ್ತು ನಿಮಿಷ ಮೇಡಂ ಅದನ್ನು ಮುಟ್ಟುವುದಿಲ್ಲ. ಚಾಪೆಯ ಮೇಲೆ ಬಿಟ್ಟು, ಪಕ್ಕದಲ್ಲೊಂದು ಸ್ಟೀಲ್ ಚಮಚ ಇಟ್ಟು, ಸುಮ್ಮನೆ ನೋಡುತ್ತಾರೆ. ಯಾವ ಕಡೆ ಹೊರಳುತ್ತದೆ, ಯಾವ ಕಾಲು ಎಳೆಯುತ್ತದೆ, ಕೂತಾಗ ಎತ್ತ ವಾಲುತ್ತದೆ ಎಂದು. ಹೆತ್ತವರು ಗಡಿಯಾರ ನೋಡಿ ಮುಖ ಸಿಂಡರಿಸುತ್ತಾರೆ. ಮೇಡಂ ಕೆಲಸ ಬಿಟ್ಟು ಚಮಚದಲ್ಲಿ ಆಟವಾಡುತ್ತಾರೆ ಎಂದು ಯಾರೋ ಪುಣ್ಯಾತ್ಮರು ದೂರು ಬರೆದುಕೊಟ್ಟರು. ಹೊಸ ಸೂಪರಿಂಟೆಂಡೆಂಟ್‌ಗೆ ಅಷ್ಟೇ ಸಾಕಾಯಿತು. ಒಂದು ಮಗುವಿಗೆ ಒಟ್ಟು ಹತ್ತೇ ನಿಮಿಷ ಎಂದು ಬಾಗಿಲಿಗೆ ಕಾಗದ ಅಂಟಿಸಿದರು. ನೋಡುವುದಕ್ಕೇ ಹತ್ತು ನಿಮಿಷ ಬೇಕು, ಇನ್ನು ಕೈಕಾಲು ಆಡಿಸುವುದು ಯಾವಾಗ, ಕನಸಿನಲ್ಲೋ? ನನಗೆ ಮೈಯೆಲ್ಲ ಉರಿಯಿತು. ಮೇಡಂ ಮಾತ್ರ ಕಾಗದ ಓದಿ, ಚಮಚ ಒರೆಸಿ, ಮುಂದಿನ ಮಗುವನ್ನು ಕರೆದರು.

ಅದೇ ವಾರ ಮಗಳಿಗೆ ಏನೋ ಕೆಲಸವಿತ್ತೆಂದು ಒಂಬತ್ತು ತಿಂಗಳ ಮೊಮ್ಮಗಳನ್ನು ನಾನೇ ಎತ್ತಿಕೊಂಡು ಬಂದಿದ್ದೆ. ಏನು ಕೊಟ್ಟರೂ ಎಡಗೈಯೇ ಚಾಚುತ್ತಾಳೆ, ಥೇಟ್ ಅವಳ ತಾತನ ಹಾಗೆ ಎಡಚಿ, ಮನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ ಎಂದು ಮೇಡಂ ಮುಂದೆ ಕೊಚ್ಚಿಕೊಂಡೆ. ಮೇಡಂ ನಗಲಿಲ್ಲ. ಅವಳನ್ನು ಚಾಪೆಯ ಮೇಲೆ ಕೂರಿಸಿ ಚಮಚವನ್ನು ಬಲಗಡೆ ಇಟ್ಟರು. ಮಗು ಮೈಯನ್ನೆಲ್ಲ ತಿರುಗಿಸಿ ಎಡಗೈಯಲ್ಲೇ ಎತ್ತಿಕೊಂಡಿತು. ಮೂರು ಸಲ ಇಟ್ಟರೂ ಹಾಗೇ.

“ಆಯಮ್ಮ, ವರ್ಷ ತುಂಬೋಕೆ ಮುಂಚೆ ಮಕ್ಕಳಿಗೆ ಎಡಗೈ ಬಲಗೈ ಅಂತ ಭೇದ ಇರಲ್ಲ. ಇದು ತಾತನ ಗುಣ ಅಲ್ಲ. ಬಲಗೈ ಬರ್ತಾ ಇಲ್ಲ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಂಡವರ ಮಕ್ಕಳಲ್ಲಿ ಊನ ಹುಡುಕಿ ಹುಡುಕಿ ನಿಮ್ಮ ಕಣ್ಣೇ ಕೆಟ್ಟಿದೆ ಎಂದುಬಿಟ್ಟೆ. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಸ್ನಾನ ಮಾಡಿಸುವಾಗ ಮಗುವಿನ ಬಲ ಮುಷ್ಟಿಯನ್ನು ಬಿಡಿಸಿ ನೋಡಿದೆ. ಹೆಬ್ಬೆರಳು ಒಳಗೆ ಮಡಚಿಕೊಂಡಿತ್ತು. ಅಂಗೈ ಗೆರೆಯಲ್ಲಿ ಬಟ್ಟೆಯ ನೂಲು, ಕೊಳೆ. ದಿನಾ ನೀರು ಹಾಕುವವಳು ನಾನೇ, ಮುಷ್ಟಿಯ ಹೊರಗಷ್ಟೇ ಸೋಪು ಹಚ್ಚಿದ್ದೆ. ಹದಿನೆಂಟು ವರ್ಷ ಊರವರ ಮಕ್ಕಳ ಕೈ ನೋಡಿದವಳಿಗೆ ಮನೆಯ ಮಗುವಿನ ಕೈ ಕಾಣಲಿಲ್ಲವಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಗುವನ್ನು ಡಾಕ್ಟರಿಗೆ ತೋರಿಸಿದೆ. ಅವರು ಪರೀಕ್ಷೆ ಮಾಡಿಸಿ ಮೇಡಂ ಹೇಳಿದ್ದನ್ನೇ ಹೇಳಿದರು. ಈಗಲೇ ಕಲಿಸಿದರೆ ಆ ಕೈ ಎಷ್ಟೋ ಕಲಿಯುತ್ತದೆ, ತಡಮಾಡಿದಷ್ಟೂ ಕಷ್ಟ. ಅಂದಿನಿಂದ ದಿನಾ ಚಾಪೆ. ಮೇಡಂ ಅವಳ ಎಡಗೈಯನ್ನು ಮೆಲ್ಲಗೆ ಹಿಡಿದು, ಬಲಗಡೆ ಚಮಚ ಇಟ್ಟು, ಕಾಯುವುದು. ಮಗು ರಗಳೆ ಮಾಡಿದರೆ ಬಿಟ್ಟು, ನಗಿಸಿ, ಮತ್ತೆ ಕಾಯುವುದು.

ಐದನೆಯ ವಾರ ಒಂದು ಬೆಳಿಗ್ಗೆ ಆ ಮುಷ್ಟಿ ಚಮಚದ ಕಡೆ ಜರುಗಿತು. ಒಂದು ಬೆರಳು ಬಿಚ್ಚಿತು, ಆಮೇಲೆ ಇನ್ನೊಂದು. ಆಗಲೇ ಸೂಪರಿಂಟೆಂಡೆಂಟ್ ವಾಚು ನೋಡುತ್ತಾ ಒಳಗೆ ಬಂದರು. ಹನ್ನೆರಡು ನಿಮಿಷವಾಯಿತು, ಮಗುವನ್ನು ಯಾಕೆ ಸತಾಯಿಸುತ್ತೀರಿ ಎನ್ನುತ್ತಾ ಬಗ್ಗಿ ಚಮಚವನ್ನೆತ್ತಿ ಅವಳ ಎಡಗೈಗೆ ಚಾಚಿದರು.

ನಾನು ಅವರ ಕೈಯಿಂದ ಅದನ್ನು ಕಿತ್ತುಕೊಂಡೆ.

“ಆ ಕೈಗೆ ಕೊಡಬೇಡಿ ಸಾರ್. ಇಷ್ಟು ದಿನ ನಾನೂ ಆ ಕೈಗೇ ಕೊಟ್ಟು ಚಪ್ಪಾಳೆ ತಟ್ಟಿದ್ದೀನಿ.”

ಚಮಚವನ್ನು ಮತ್ತೆ ಬಲಗಡೆ ಇಟ್ಟು, ಅವರ ಬೂಟಿನ ಪಕ್ಕದಲ್ಲೇ ಚಾಪೆಯ ಮೇಲೆ ಕೂತೆ. ಮೇಡಂ ಮಗುವಿನ ಬೆರಳುಗಳಿಂದ ಕಣ್ಣು ತೆಗೆದಿರಲಿಲ್ಲ.