ನಾಮಕರಣದ ಮನೆಯ ಹಿತ್ತಲು

ಅಜ್ಜಂಪುರದ ಹತ್ತಿರದ ನಮ್ಮೂರಿನಲ್ಲಿ ನಮ್ಮಜ್ಜಿ ಸೂಲಗಿತ್ತಿ. ದೊಡ್ಡಮನೆಯ ಮಕ್ಕಳೆಲ್ಲ ಹುಟ್ಟಿದ್ದು ಅವಳ ಕೈಯಲ್ಲೇ. ನಮ್ಮದು ಊರಾಚೆಯ ದಲಿತರ ಕೇರಿ. ಆ ಮನೆಯ ಹೊಸಿಲು ನಾವು ದಾಟುವಂತಿರಲಿಲ್ಲ. ಆದರೆ ಪುರುಡಿನ ದಿನಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಮನೆಯವರು ಮುಟ್ಟುತ್ತಿರಲಿಲ್ಲ. ಆಗ ಅಜ್ಜಿಯೇ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಇಬ್ಬರಿಗೂ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಪುರುಡು ಕಳೆದ ದಿನ ಮನೆ ತೊಳೆದು ಶುದ್ಧ ಮಾಡುತ್ತಿದ್ದರು. ಅಂದಿನಿಂದ ಆ ಕೂಸನ್ನು ಅವಳು ಮುಟ್ಟುವಂತಿಲ್ಲ. ಅವಳ ತಾಯಿಗೂ ಹೀಗೇ, ತಾಯಿಯ ತಾಯಿಗೂ ಹೀಗೇ ಆಗಿತ್ತು.

ನಾನು ನರ್ಸಿಂಗ್ ಓದಿ ತರೀಕೆರೆಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಎರಡು ವರ್ಷದ ಹಿಂದೆ ಅದೇ ದೊಡ್ಡಮನೆಯ ಸೊಸೆ ಹೆರಿಗೆಗೆ ಬಂದಳು. ಮಗುವನ್ನು ಒರೆಸಿ, ಬಟ್ಟೆ ಸುತ್ತಿ ಅವಳ ಅತ್ತೆಯ ಮಡಿಲಿಗಿಟ್ಟವಳು ನಾನೇ. ಆಕೆ ನನ್ನ ಗುರುತು ಹಿಡಿದರು.

"ಇವಳ ಗಂಡ ಹುಟ್ಟಿದ್ದೂ ನಿಮ್ಮಜ್ಜಿ ಕೈಯಾಗೇ ಕಣೇ. ನಾಮಕರಣಕ್ಕೆ ಅವಳನ್ನೂ ಕರ್ಕೊಂಡು ಬಾ."

ಸುದ್ದಿ ಕೇಳಿ ಅಜ್ಜಿ ಹಿಗ್ಗಿದಳು. ಕಣ್ಣು ಮಂಜಾಗಿದ್ದರೂ ಮೆತ್ತನೆಯ ಹಳೇ ಸೀರೆಯ ತುಂಡಿನಲ್ಲಿ ಒಂದು ಕುಲಾವಿ ಹೊಲಿದಳು. ಹೊಲಿಗೆ ಸೊಟ್ಟಗಿತ್ತು.

ನಾಮಕರಣದ ದಿನ ಚಪ್ಪರದಲ್ಲಿ ನನಗೆ ಕುರ್ಚಿ ಕೊಟ್ಟರು. ಅಜ್ಜಿ ಕಾಣಲಿಲ್ಲ. ಹುಡುಕಿದರೆ ಹಿತ್ತಲ ಬಾಗಿಲಾಚೆ ನೆಲದ ಮೇಲೆ ಕೂತಿದ್ದಳು.

"ಮುಂದಕ್ಕೆ ಬಾ ಅಜ್ಜಿ, ಅವ್ರೇ ಕರೆದಿರೋದು."

"ಬ್ಯಾಡ ಕಣವ್ವ. ನಂಗೆ ಗೊತ್ತಿರೋ ಬಾಗ್ಲು ಇದೇಯ."

ಅಷ್ಟರಲ್ಲಿ ಆ ಅತ್ತೆಯೇ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. ಅಜ್ಜಿ ಎರಡೂ ಕೈ ಚಾಚಿದಳು.

"ಒಂದ್ಗಳಿಗೆ ಕೊಡ್ರವ್ವ, ಕುಲಾವಿ ಹಾಕಿ ಕೊಡ್ತೀನಿ."

"ಪುರುಡು ಕಳೀತಲ್ಲ, ಈಗ ಹೆಂಗೆ? ಅಲ್ಲಿಂದ್ಲೇ ನೋಡ್ಬಿಡು. ಬೇಜಾರ್ ಮಾಡ್ಕೋಬೇಡ."

ಮಾತಿನಲ್ಲಿ ಗಡಸು ಇರಲಿಲ್ಲ. ಪ್ರೀತಿಯಿಂದಲೇ ಹೇಳಿದರು. ನನಗೆ ತಡೆಯಲಾಗಲಿಲ್ಲ.

"ಆಸ್ಪತ್ರೇಲಿ ನಿಮ್ಮ ಮಡಿಲಿಗೆ ಕೊಟ್ಟಿದ್ದು ನಾನೇ ಅಲ್ವಾ?"

"ಅದು ಆಸ್ಪತ್ರೆ ಕಣಮ್ಮ," ಎಂದರು.

ಮಗುವಿನ ಅಪ್ಪ, ಅಜ್ಜಿಯ ಕೈಯಲ್ಲಿ ಹುಟ್ಟಿದವನು, ಅಲ್ಲೇ ನಿಂತು ಮೊಬೈಲ್ ನೋಡುತ್ತಿದ್ದ. ಅಜ್ಜಿ ಕುಲಾವಿಯನ್ನು ಹೊಸಿಲ ಮೇಲಿಟ್ಟಳು. ಯಾರೂ ಎತ್ತಿಕೊಳ್ಳಲಿಲ್ಲ. ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿದೆ.

ಉಣ್ಣಲೂ ಬಿಡದೆ ಹೊರಡಿಸಿದೆನೆಂದು ದಾರಿಯುದ್ದಕ್ಕೂ ನನ್ನನ್ನೇ ಬೈದಳು: "ಕರೆದವ್ರ ಮನೇಲಿ ಹಿಂಗಾ ಮಾಡೋದು?" ಕೇರಿ ಹತ್ತಿರವಾದಾಗ ದನಿ ತಗ್ಗಿತು.

"ಕೂಸಿಗೆ ಏನ್ ಹೆಸ್ರಿಟ್ರೇ?"

ನನಗೂ ಗೊತ್ತಿರಲಿಲ್ಲ.

ಆ ಚಳಿಗಾಲ ಕಳೆಯುವುದರೊಳಗೆ ಅಜ್ಜಿ ತೀರಿಕೊಂಡಳು. ಅವಳ ಮಣ್ಣಿಗೆ ಬಂದವರು ನಮ್ಮ ಕೇರಿಯವರು ಮಾತ್ರ.