ಅಜ್ಜನ ಸ್ಯಾಂಪಲ್ಲು

ತೊಂಬತ್ತರ ದಶಕದ ಚಳ್ಳಕೆರೆಯಲ್ಲಿ ಬೆಳೆದವರಿಗೆ ಶೇಂಗಾ ಸುಗ್ಗಿಯ ವಾಸನೆಯನ್ನು ನೆನಪಿಸಬೇಕಾಗಿಲ್ಲ. ಊರಿಗೆ ಊರೇ ಎಣ್ಣೆ, ಹಿಂಡಿಯ ವಾಸನೆ ಹೊಡೆಯುತ್ತಿದ್ದ ದಿನಗಳು ಅವು. ನನ್ನ ಅಜ್ಜ ದಲ್ಲಾಳಿ ಮಂಡಿಯಲ್ಲಿ ಮಾಲು ನೋಡುವವನು. ಮೂಟೆಯೊಳಗೆ ಮೊಣಕೈವರೆಗೂ ಕೈ ತೂರಿಸಿ, ಒಂದು ಹಿಡಿ ಕಾಯಿ ತೆಗೆದು, ಸುಲಿದು, ಕಡಿದು, ಮಾಲು ಎಂಥದ್ದೆಂದು ಹೇಳಿಬಿಡುತ್ತಿದ್ದ. ಆ ಹಿಡಿಗೆ ಸ್ಯಾಂಪಲ್ಲು ಅನ್ನುತ್ತಿದ್ದರು. ನೋಡಿ ಮಿಕ್ಕಿದ್ದು ಅವನ ಜುಬ್ಬಾದ ಜೇಬು ಸೇರಿ, ಸಂಜೆ ನನ್ನ ಲಂಗಕ್ಕೆ ಬೀಳುತ್ತಿತ್ತು.

"ಮೇಲಿಂದು ಎಲ್ರೂ ಚೆಂದಾಗೇ ಇಡ್ತಾರೆ ಪುಟ್ಟಿ, ಅಡಿಯಿಂದ ತೆಗೀಬೇಕು," ಅನ್ನುತ್ತಿದ್ದ. ರಾತ್ರಿ ಅಂಥ ಮಂಡಿ ಮಾತುಗಳನ್ನು ಕೇಳುತ್ತಾ ಅವನ ಪಕ್ಕದಲ್ಲೇ ನನಗೆ ನಿದ್ದೆ.

ಆ ಪದ ಮಂಡಿಯಿಂದ ಎದ್ದು ಊರೆಲ್ಲ ಓಡಾಡುತ್ತಿತ್ತು. ಅವ್ವ ಅಂಗೈಗೆ ಬಿಡುವ ಹನಿ ಸಾರು ಸ್ಯಾಂಪಲ್ಲು. ಮೊಳಕಾಲ್ಮೂರು ಸೀರೆಗೆ ರವಿಕೆ ಬಣ್ಣ ಹೊಂದಿಸಲು ಒಯ್ಯುವ ಚೂರೂ ಅದೇ. ಮೋಡ ನಾಲ್ಕು ಹನಿ ಉದುರಿಸಿ ಓಡಿದರೆ ಪಕ್ಕದ ಮನೆಯವರು, "ಸ್ಯಾಂಪಲ್ ತೋರಿಸ್ಬಿಟ್ಟು ಹೋಯ್ತು ನೋಡ್ರಿ," ಎಂದು ಆಕಾಶವನ್ನು ಬೈಯುತ್ತಿದ್ದರು. ಅಪ್ಪನ ಮೊದಲ ಏಟೂ ಸ್ಯಾಂಪಲ್ಲೇ. ನನ್ನ ಪ್ರಶ್ನೆಗಳಿಗೆ ಬೇಸತ್ತವರಿಗೆ ನಾನೇ "ಒಳ್ಳೇ ಸ್ಯಾಂಪಲ್ಲು". ಇಷ್ಟಕ್ಕೆಲ್ಲ ಒಂದೇ ಪದ ಹೇಗೆ ಸಾಲುತ್ತದೋ ಎಂದು ನನಗೆ ಸೋಜಿಗ. ಹೊಸದೊಂದು ಕಿವಿಗೆ ಬಿದ್ದರೆ ಅಜ್ಜನಿಗೆ ಹೇಳದೆ ಸಮಾಧಾನವಿರಲಿಲ್ಲ.

ಒಂದು ವರ್ಷ ಅಜ್ಜನ ಕೆಮ್ಮು ನಿಲ್ಲಲೇ ಇಲ್ಲ. ಡಾಕ್ಟರು ಪುಟ್ಟ ಡಬ್ಬಿ ಕೊಟ್ಟು, ಬೆಳಿಗ್ಗೆ ಕಫದ ಸ್ಯಾಂಪಲ್ ತರಲು ಹೇಳಿದರು. ಎಂಜಲು ಬೇಡ, ಎದೆಯೊಳಗಿಂದಲೇ ಬರಬೇಕು ಅಂದರು. ಇನ್ನೊಂದು ಸ್ಯಾಂಪಲ್ಲು ಸಿಕ್ಕಿತೆಂದು ನನಗೆ ಖುಷಿ! ಬೆಳಗಾಗುತ್ತಲೇ ಅವನ ಹಿಂದೆ ಹಿತ್ತಲಿಗೆ ಹೋದೆ. ಅಜ್ಜ ಡಬ್ಬಿಗೆ ತೆಳ್ಳಗೆ ಎಂಜಲು ಉಗುಳಿ ಮುಚ್ಚಳ ಹಾಕಿಬಿಟ್ಟ.

"ಅಜ್ಜಾ, ಅದು ಮೇಲಿಂದಲ್ವಾ?"

ಮೂಟೆಯ ಬಾಯಿಗೆ ಒಳ್ಳೆ ಕಾಯಿ ತುಂಬಿ ತಂದವರನ್ನೆಲ್ಲ ಹಿಡಿದು ನಿಲ್ಲಿಸಿದವನು ಮೊಮ್ಮಗಳ ಕೈಗೆ ಸಿಕ್ಕಿಬಿದ್ದಿದ್ದ.

"ರೋಗ ಐತೆ ಅಂತ ಗೊತ್ತಾದ್ರೆ ನಿನ್ನ ನನ್ನ ಹತ್ರ ಬಿಡಲ್ಲ ಕಣೆ," ಅಂದ.

"ಬಿಡ್ದಿದ್ರೂ ನಾನು ಬರ್ತೀನಿ."

ಅಜ್ಜ ಡಬ್ಬಿಯಲ್ಲಿದ್ದುದನ್ನು ಚೆಲ್ಲಿದ. ಗೋಡೆ ಹಿಡಿದು ಬಗ್ಗಿ, ಎದೆಯೇ ಕಿತ್ತು ಬರುವಂತೆ ಕೆಮ್ಮಿದ.

ಕ್ಷಯ ಎಂದು ಗೊತ್ತಾಯಿತು. ಅದೇ ದಿನ ಅವ್ವ ನನ್ನ ಹಾಸಿಗೆಯನ್ನು ನಡುಮನೆಗೆ ಎಳೆದಳು. ಅಜ್ಜ ಪಡಸಾಲೆಯಲ್ಲಿ, ನಾನು ಹೊಸ್ತಿಲ ಈಚೆ. ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣವಾದ, ಮತ್ತೆ ಮಂಡಿಗೂ ಹೋದ, ಆಮೇಲೂ ಬಹಳ ವರ್ಷ ಬದುಕಿದ. ಆ ಡಬ್ಬಿಯೇ ಅವನನ್ನು ಉಳಿಸಿತು ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ನಿಜ.

ಇವತ್ತು ನನ್ನ ಮಕ್ಕಳಿಗೆ ಸ್ಯಾಂಪಲ್ ಅಂದರೆ ಲ್ಯಾಬಿನದು ಮಾತ್ರ. ಉಳಿದ ಅರ್ಥಗಳು ಹೋದದ್ದಕ್ಕೂ ಬೇಸರವಿದೆ. ಆದರೆ ಅದಕ್ಕಿಂತ ಹೆಚ್ಚು ಕಾಡುವುದು ಬೇರೆ. ಅಜ್ಜ ಗುಣವಾಗುವ ಹೊತ್ತಿಗೆ ನನಗೆ ಅವ್ವನ ಪಕ್ಕದಲ್ಲಿ ಮಲಗಿ ರೂಢಿಯಾಗಿತ್ತು. ನನ್ನ ಹಾಸಿಗೆಯನ್ನು ಮತ್ತೆ ಅಜ್ಜನ ಪಕ್ಕಕ್ಕೇ ಹಾಕು ಎಂದು ನಾನು ಕೇಳಲಿಲ್ಲ, ಬಾ ಎಂದು ಅವನೂ ಕರೆಯಲಿಲ್ಲ.